ಶಿಕಾರಿಪುರದಿಂದ ಸೊರಬಕ್ಕೆ: ವಾಹನಗಳು ಮಾತಾಡುವ ಕಾಲದಲ್ಲೊಂದು ಪಯಣ

ದೀಪಾವಳಿ ಕಳೆದು ಕಾರ್ತಿಕ ಮುಗಿಯುತ್ತ ಬಂದಂತೆ ಶಿಕಾರಿಪುರ ಸೀಮೆಯ ರಸ್ತೆಗಳಿಗೆ ಬಿಡುವೇ ಇರುವುದಿಲ್ಲ. ಮೆಕ್ಕೆಜೋಳ ಮುರಿದು ಮನೆಗೆ ಬರುತ್ತಿರುತ್ತದೆ. ಗದ್ದೆಗಳಲ್ಲಿ ಭತ್ತದ ಕೊಯ್ಲು ಹಿಡಿದಿರುತ್ತದೆ. ಊರೂರಿನಲ್ಲಿ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಹಾರ ಹೊತ್ತು ಓಡಬೇಕಾದ ಹೋರಿಗಳು ಟಾಟಾ ಏಸ್‌ಗಳಲ್ಲಿ ನಿಂತುಕೊಂಡು ಒಂದೂರಿಂದ ಇನ್ನೊಂದೂರಿಗೆ ಹೋಗುತ್ತವೆ. ಅವುಗಳ ಹಿಂದೆ ಬೈಕುಗಳ ಮೇಲೆ ಹುಡುಗರ ದಂಡು. ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಓಡುತ್ತವೆ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ರಸ್ತೆಯನ್ನು ಕಣ್ಣಿಟ್ಟು ನೋಡಬೇಕೆಂದೇ ನಾನು ಈ ಸುಗ್ಗಿಯ ಕಾಲವನ್ನು ಆರಿಸಿಕೊಂಡೆ. ಹಿಂದೆ ಈ ದಾರಿಯಲ್ಲಿ ಓಡಾಡಿದ್ದು ಹುಚ್ಚರಾಯಸ್ವಾಮಿಯ ದರ್ಶನಕ್ಕೆ, ಬಳ್ಳಿಗಾವಿಯ ದೇಗುಲಕ್ಕೆ, ಗುಡವಿಯ ಹಕ್ಕಿಗಳಿಗೆ. ಈ ಸಲ ನೋಡಬೇಕಾಗಿದ್ದುದು ರಸ್ತೆಯನ್ನೇ.

ಅದಕ್ಕೆ ಕಾರಣವಿತ್ತು. ವಾಹನಗಳು ಒಂದರೊಡನೊಂದು ರೇಡಿಯೋ ತರಂಗಗಳ ಮೂಲಕ ಮಾತಾಡಿಕೊಂಡು ಅಪಘಾತ ತಪ್ಪಿಸುವ ತಂತ್ರಜ್ಞಾನದ ಬಗ್ಗೆ ಬಹಳ ಕಾಲದಿಂದ ಓದುತ್ತ ಬಂದಿದ್ದೇನೆ. 2026ರ ಜನವರಿಯಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ಈ ವ್ಯವಸ್ಥೆಯನ್ನು ನಮ್ಮ ದೇಶಕ್ಕೂ ತರುವ ಮಾತಾಡಿದ್ದಾರೆ. ಇದು ನಮ್ಮಲ್ಲಿಗೆ ಬಂದಾಗ ಎಲ್ಲಿ, ಯಾವ ರಸ್ತೆಯಲ್ಲಿ, ಯಾವ ವಾಹನಗಳ ಮೇಲೆ ಪರೀಕ್ಷೆಗೆ ಒಳಗಾಗಬೇಕು ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಅದಕ್ಕೆ ಉತ್ತರ ತಾಲೂಕಿನ ರಸ್ತೆಯಲ್ಲೇ ಸಿಕ್ಕೀತು ಎಂಬ ನಂಬಿಕೆಯಿಂದ ಹೊರಟೆ.

ತಂತ್ರಜ್ಞಾನದ ತಿರುಳು ಸರಳವಾಗಿದೆ. ಪ್ರತಿ ವಾಹನದಲ್ಲೂ ಒಂದು ಪುಟ್ಟ ರೇಡಿಯೋ ಸಾಧನ ಇರುತ್ತದೆ. ನಾನು ಎಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ, ಯಾವ ದಿಕ್ಕಿಗೆ ಹೋಗುತ್ತಿದ್ದೇನೆ, ಬ್ರೇಕ್ ಒತ್ತಿದ್ದೇನೆಯೇ ಇಲ್ಲವೇ ಎಂಬುದನ್ನು ಅದು ಸೆಕೆಂಡಿಗೆ 10 ಸಲ ಸುತ್ತಲಿನ ವಾಹನಗಳಿಗೆಲ್ಲ ಸಾರುತ್ತದೆ. ಸುಮಾರು 300 ಮೀಟರ್ ಆಸುಪಾಸಿನಲ್ಲಿರುವ ಇನ್ನೊಂದು ಸಾಧನ ಅದನ್ನು ಕೇಳಿಸಿಕೊಂಡು, ಎರಡು ವಾಹನಗಳ ದಾರಿ ಒಂದೇ ಕ್ಷಣಕ್ಕೆ ಒಂದೇ ಕಡೆ ಕೂಡುತ್ತದೆಯೇ ಎಂದು ಲೆಕ್ಕ ಹಾಕುತ್ತದೆ. ಕೂಡುವಂತಿದ್ದರೆ ಚಾಲಕನನ್ನು ಎಚ್ಚರಿಸುತ್ತದೆ. ನಡುವೆ ಮೊಬೈಲ್ ಗೋಪುರ ಬೇಕಾಗಿಲ್ಲ. ಕ್ಯಾಮೆರಾಕ್ಕೆ ಕಾಣದ ತಿರುವಿನಾಚೆಯ ವಾಹನವೂ, ಮುಂದಿನ ಲಾರಿಯ ಮರೆಯಲ್ಲಿರುವ ಬೈಕೂ ಇದಕ್ಕೆ ಗೊತ್ತಾಗುತ್ತವೆ. ಇದರ ಹೆಚ್ಚುಗಾರಿಕೆ ಇರುವುದು ಅಲ್ಲಿಯೇ.

ಇದರ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಪಟ್ಟಣದಲ್ಲಿ, 2012ರ ಆಗಸ್ಟ್‌ನಿಂದ. ಮಿಷಿಗನ್ ವಿಶ್ವವಿದ್ಯಾಲಯದ ಸಾರಿಗೆ ಸಂಶೋಧನಾ ಸಂಸ್ಥೆ ಊರಿನ ಜನರ ಕಾರು, ಲಾರಿ, ಬಸ್ಸುಗಳಿಗೆ, ಸುಮಾರು 2,800 ವಾಹನಗಳಿಗೆ, ಈ ಸಾಧನ ಅಳವಡಿಸಿ ಎಂದಿನ ಓಡಾಟದಲ್ಲೇ ಅದನ್ನು ಪರೀಕ್ಷಿಸಿತು. ಕೂಡುರಸ್ತೆಯಲ್ಲಿ ಮತ್ತು ಎದುರಿನ ವಾಹನಕ್ಕೆ ಅಡ್ಡವಾಗಿ ತಿರುಗುವಲ್ಲಿ ಎಚ್ಚರಿಸುವ ಎರಡೇ ಬಗೆಯ ಬಳಕೆಯಿಂದ ವರ್ಷಕ್ಕೆ 5,92,000ದಷ್ಟು ಅಪಘಾತಗಳನ್ನು ತಪ್ಪಿಸಿ, 1,083 ಜೀವಗಳನ್ನು ಉಳಿಸಬಹುದೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2014ರಲ್ಲಿ ಅಂದಾಜು ಮಾಡಿತು. ಬೆಟ್ಟಗಾಳಿ, ಹಿಮ, ಲಾರಿಗಳ ಸಾಲಿಗೆ ಹೆಸರಾದ ವಯೋಮಿಂಗ್ ರಾಜ್ಯದ ಹೆದ್ದಾರಿಯಲ್ಲಿ, ನ್ಯೂಯಾರ್ಕ್ ಮತ್ತು ಟ್ಯಾಂಪಾ ನಗರಗಳಲ್ಲಿ ಮುಂದಿನ ಪರೀಕ್ಷೆಗಳಾದವು. ಜಪಾನಿನಲ್ಲಿ 2015ರಲ್ಲೇ ಟೊಯೋಟ ಕಂಪನಿ ಇಂಥ ಸಾಧನವಿರುವ ಕಾರು ಮಾರಿತು. ಆದರೆ ಎಲ್ಲ ಹೊಸ ಕಾರುಗಳಿಗೂ ಇದನ್ನು ಕಡ್ಡಾಯ ಮಾಡುವ ಅಮೆರಿಕದ ಪ್ರಸ್ತಾವ ಕಾನೂನಾಗಲಿಲ್ಲ. ಯಾವ ಬಗೆಯ ರೇಡಿಯೋ ಬಳಸಬೇಕೆಂಬ ತಕರಾರು ವರ್ಷಗಟ್ಟಲೆ ನಡೆಯಿತು. ಇದಕ್ಕಾಗಿ 1999ರಿಂದ ಮೀಸಲಿದ್ದ ತರಂಗಾಂತರದ ದೊಡ್ಡ ಪಾಲನ್ನು 2020ರಲ್ಲಿ ವೈಫೈ ಬಳಕೆಗೆ ಬಿಟ್ಟುಕೊಟ್ಟರು. ಪರೀಕ್ಷೆಯಲ್ಲಿ ಗೆದ್ದದ್ದು ರಸ್ತೆಗೆ ಬರುವಷ್ಟರಲ್ಲಿ ಎಷ್ಟು ಅಡ್ಡಿಗಳು ಎದುರಾಗುತ್ತವೆ ಎಂಬುದಕ್ಕೆ ಇದು ಸಾಕ್ಷಿ.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಶಿಕಾರಿಪುರದಲ್ಲಿ ಬಸ್ಸು ಹತ್ತಿ, ಚಾಲಕನ ಹಿಂದಿನ ಆಸನ ಹಿಡಿದೆ. ಮುಂಜಾನೆಯ ಮಂಜು ಇನ್ನೂ ಕರಗಿರಲಿಲ್ಲ. ಪಟ್ಟಣ ದಾಟುತ್ತಿದ್ದಂತೆ ಎಡಬಲಕ್ಕೆ ಅಡಿಕೆ ತೋಟ, ಜೋಳದ ಹೊಲ, ನಡುನಡುವೆ ಕೆರೆಗಳು. ಮರಗಳು ಬಾಗಿದ ತಿರುವುಗಳು ಒಂದಾದಮೇಲೊಂದು ಬಂದವು.

ಎದುರಿನಿಂದ ಬಂದ ಬಸ್ಸಿನ ಚಾಲಕ ನಮ್ಮನ್ನು ದಾಟುವಾಗ ಬಲಗೈ ಹೊರಗೆ ಚಾಚಿ, ಅಂಗೈಯನ್ನು ಕೆಳಮುಖ ಮಾಡಿ ಎರಡು ಸಲ ಅದುಮಿದಂತೆ ಆಡಿಸಿದ. ನಮ್ಮ ಚಾಲಕ ತಲೆಯಾಡಿಸಿ ಕೂಡಲೇ ಗೇರು ಇಳಿಸಿದ. ಅರ್ಧ ಕಿಲೋಮೀಟರ್ ದೂರದಲ್ಲಿ, ತಿರುವು ಮುಗಿದ ಜಾಗದಲ್ಲೇ, ಜೋಳದ ಮೂಟೆ ಹೇರಿದ ಟ್ರೇಲರೊಂದು ಟೈರು ಪಂಕ್ಚರಾಗಿ ಅರ್ಧ ರಸ್ತೆಗೆ ಅಡ್ಡ ನಿಂತಿತ್ತು. ಹಿಂದೆ ಎರಡು ಕಲ್ಲು, ಒಂದು ಮುರಿದ ಲಂಟಾನದ ಟೊಂಗೆ. ಬಸ್ಸು ಮೆಲ್ಲಗೆ ಪಕ್ಕಕ್ಕೆ ಸರಿದು ಹೋಯಿತು. ಒಳಗೆ ಕೂತಿದ್ದವರಲ್ಲಿ ಬಹುಪಾಲು ಜನಕ್ಕೆ ಅದು ಗೊತ್ತೂ ಆಗಲಿಲ್ಲ.

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಚಾಲಕರನ್ನು ಮಾತಿಗೆಳೆದೆ. ಈ ದಾರಿಯಲ್ಲಿ ಅನೇಕ ವರ್ಷ ಬಸ್ಸು ಓಡಿಸಿದವರು. “ಎದುರಿಂದ ಬರೋರು ಕೈ ಮಾಡಿದ್ರೆ ಮುಂದೆ ಏನೋ ಐತೆ ಅಂತ ಲೆಕ್ಕ ಸರ್,” ಎಂದರು. “ರಾತ್ರಿಯಾದ್ರೆ ಡಿಪ್ಪರ್ ಹೊಡೀತಾರೆ. ತಿರುವಲ್ಲಿ ಹಾರನ್. ನಾವ್ ನಾವೇ ಬಸ್ಸಿನೋರು, ಲಾರಿಯೋರು ಹಂಗೆ ಹೇಳ್ಕೊಂಡು ಹೋಗ್ತೀವಿ. ಕಾರಿನೋರಿಗೆ ಅದು ಗೊತ್ತಾಗಲ್ಲ. ಬೈಕಿನ ಹುಡುಗರಂತೂ ನೋಡೋದೇ ಇಲ್ಲ. ಟ್ರ್ಯಾಕ್ಟರ್ನೋರಿಗೆ ಪದ ಹಾಕ್ಕೊಂಡಿರ್ತಾರಲ್ಲ, ಹಾರನ್ ಕೇಳಲ್ಲ.”

ಈ ಮಾತಿನಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ಯುರೋಪಿನ ರಸ್ತೆಗಳಲ್ಲಿ ಇಂದು ಕೆಲವು ಕಾರುಗಳು ಮಾಡುತ್ತಿರುವುದೂ ಇದನ್ನೇ: ಮುಂದೆ ಅಡ್ಡಿಯಿದೆ ಎಂದು ಕಂಡ ವಾಹನ ಆ ಸುದ್ದಿಯನ್ನು ಹಿಂದೆ ಬರುವವರಿಗೆ ದಾಟಿಸುತ್ತದೆ. ಆ ಚಾಲಕನ ಕೈಸನ್ನೆ ಹಗಲು ಬೆಳಕಿನಲ್ಲಿ, ಪರಿಚಯವಿದ್ದವರಿಗೆ ಮಾತ್ರ, ಕಣ್ಣಿಗೆ ಕಾಣುವಷ್ಟು ದೂರಕ್ಕೆ ಮಾತ್ರ ತಲುಪುತ್ತದೆ. ರೇಡಿಯೋ ಮಂಜಿನಲ್ಲೂ, ಕತ್ತಲಲ್ಲೂ, ಅಪರಿಚಿತರಿಗೂ ತಲುಪುತ್ತದೆ. ಚಾಲಕರ ನಡುವೆ ಈಗಾಗಲೇ ಇರುವ ಒಳ್ಳೆಯ ರೂಢಿಯನ್ನು ಎಲ್ಲರಿಗೂ ಹಂಚುವ ಶಕ್ತಿ ಈ ಯಂತ್ರಕ್ಕಿದೆ. ಹಾಗಾಗಿ ಇದನ್ನು ಶ್ರೀಮಂತರ ಕಾರಿನ ಶೋಕಿ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

ಈ ರಸ್ತೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಎದುರುಬದುರು ಬರುವ ಎರಡು ವಾಹನಗಳ ನಡುವಿನ ಅಂತರ ಸೆಕೆಂಡಿಗೆ 33 ಮೀಟರ್ ಕರಗುತ್ತದೆ. ಮರ ಮರೆಯಾದ ತಿರುವಿನಲ್ಲಿ 60-70 ಮೀಟರಿನಾಚೆ ಕಾಣದಿದ್ದರೆ ಚಾಲಕನಿಗೆ ಉಳಿಯುವುದು ಎರಡೇ ಸೆಕೆಂಡು. ಕಣ್ಣು ಕಂಡು, ಮನಸ್ಸು ಅರಿತು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅದೂ ಮುಗಿದಿರುತ್ತದೆ. 300 ಮೀಟರ್ ಮೊದಲೇ ಸುದ್ದಿ ಸಿಕ್ಕರೆ 9 ಸೆಕೆಂಡು ಸಿಗುತ್ತದೆ. ಲಾರಿಯನ್ನು ಹಿಂದೆ ಹಾಕಲು ಬಲಕ್ಕೆ ಸರಿಯುತ್ತಿದ್ದವನು ಮತ್ತೆ ಎಡಕ್ಕೆ ಬಂದುಬಿಡಲು ಅಷ್ಟು ಧಾರಾಳವಾಗಿ ಸಾಕು. ಈ ಏಳು ಸೆಕೆಂಡಿನ ವ್ಯತ್ಯಾಸವನ್ನು ಗಳಿಸಲೆಂದೇ ಜಗತ್ತಿನ ಎಂಜಿನಿಯರುಗಳು ಇಷ್ಟು ವರ್ಷ ಬೆವರು ಸುರಿಸಿದ್ದಾರೆ.

ಆದರೆ ಶಿರಾಳಕೊಪ್ಪದ ವೃತ್ತದಲ್ಲಿ ನಿಂತು ನೋಡಿದರೆ ಇನ್ನೊಂದು ಲೆಕ್ಕ ಎದುರಾಗುತ್ತದೆ. ಅಲ್ಲಿ ಹಾದುಹೋದದ್ದರಲ್ಲಿ ಹೆಚ್ಚು ಬೈಕುಗಳು. ಆಮೇಲೆ ಲಗೇಜ್ ಆಟೋ, ಟ್ರ್ಯಾಕ್ಟರು, ಟಿಲ್ಲರಿಗೆ ಕಟ್ಟಿದ ಪುಟ್ಟ ಗಾಡಿ, ಶುಂಠಿ ಮೂಟೆಯ ಲಾರಿ, ಶಾಲೆಯ ಮಕ್ಕಳು, ದನ. ಹೊಸ ಕಾರುಗಳು ಬೆರಳೆಣಿಕೆಯಷ್ಟು. ಈ ತಂತ್ರಜ್ಞಾನ ಕೆಲಸ ಮಾಡಬೇಕಾದರೆ ಎದುರಾಗುವ ಎರಡೂ ವಾಹನಗಳಲ್ಲಿ ಸಾಧನ ಇರಬೇಕು. ಊರಿನಲ್ಲಿ ಒಬ್ಬನ ಮನೆಯಲ್ಲಷ್ಟೇ ಫೋನ್ ಇದ್ದರೆ ಅವನು ಯಾರಿಗೂ ಫೋನ್ ಮಾಡಲಾರ. ನೂರು ವಾಹನಗಳಲ್ಲಿ 10ಕ್ಕೆ ಸಾಧನವಿದ್ದರೆ, ಎರಡು ವಾಹನ ಎದುರಾಗುವ ನೂರು ಸಂದರ್ಭಗಳಲ್ಲಿ ಅದು ನೆರವಾಗುವುದು ಒಂದರಲ್ಲಿ ಮಾತ್ರ. ಅರ್ಧದಷ್ಟು ವಾಹನಗಳಿಗೆ ಅಳವಡಿಸಿದರೂ ನಾಲ್ಕರಲ್ಲಿ ಒಂದು ಸಲ. ಹೊಸ ಕಾರುಗಳಿಗಷ್ಟೇ ಕಡ್ಡಾಯ ಮಾಡಿ ಕೂತರೆ ಶಿರಾಳಕೊಪ್ಪದ ಮಟ್ಟಿಗೆ ಅದು ದಶಕಗಳ ಕಾಲ ಮೂಕವಾಗಿಯೇ ಇರುತ್ತದೆ.

ರಸ್ತೆಯಲ್ಲಿ ಸಾಯುತ್ತಿರುವವರು ಯಾರು ಎಂಬುದನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, 19ಕ್ಕೂ ಹೆಚ್ಚು ಮಂದಿ ಕಾಲ್ನಡಿಗೆಯವರು. ಸುಮಾರು ಮೂರರಲ್ಲಿ ಎರಡು ಸಾವು ಗ್ರಾಮೀಣ ಪ್ರದೇಶದಲ್ಲಿ. ಕರ್ನಾಟಕದಲ್ಲಿ ಆ ವರ್ಷ ಸತ್ತವರು 11,702 ಜನ, ಅಂದರೆ ದಿನಕ್ಕೆ 32. ಕಾರಿನೊಳಗಿನವರನ್ನು ಕಾಪಾಡಲು ಏರ್‌ಬ್ಯಾಗು, ಬೆಲ್ಟು ಬಂದಿವೆ. ಹೊರಗಿರುವವರಿಗೆ ಹಾಗೇನೂ ಇಲ್ಲ.

ಮಧ್ಯಾಹ್ನ ಬಳ್ಳಿಗಾವಿಗೆ ಹೋದೆ. ಶಿರಾಳಕೊಪ್ಪದಿಂದ ಕೂಗಳತೆಯ ಹಾದಿ. ಅಲ್ಲಮಪ್ರಭುವಿನ ಊರು, ಅಕ್ಕಮಹಾದೇವಿಯ ಉಡುತಡಿಯೂ ಇದೇ ನೆರೆಯಲ್ಲಿದೆ. ತಾಳಗುಂದದ ಪ್ರಣವೇಶ್ವರ ದೇಗುಲದ ಮುಂದಿನ ಕದಂಬರ ಶಾಸನಸ್ತಂಭವೂ ದೂರವಿಲ್ಲ. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನ ಜತೆ ಜಗಳವಾಗಿ ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದ ಸಂಗತಿ ಅದರಲ್ಲಿದೆ. ಒಂದು ಕಾಲಕ್ಕೆ ದೇಶದೇಶದ ವಿದ್ಯಾರ್ಥಿಗಳು, ವರ್ತಕರು ಬಂದು ಸೇರುತ್ತಿದ್ದ ಸೀಮೆಯಿದು. ಇಲ್ಲಿನ ರಸ್ತೆಗಳಿಗೆ ಸಾವಿರದೈನೂರು ವರ್ಷಗಳ ಓಡಾಟದ ಇತಿಹಾಸವಿದೆ.

ಕೇದಾರೇಶ್ವರ ದೇಗುಲದ ಆವರಣದಲ್ಲಿ ನಿಲ್ಲಿಸಿರುವ ವೀರಗಲ್ಲುಗಳ ಮುಂದೆ ಬಹಳ ಹೊತ್ತು ನಿಂತೆ. ಒಂದು ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ: ಬಿಲ್ಲೆಳೆದವನೊಬ್ಬ, ಗುರಾಣಿ ಹಿಡಿದವರು ಇಬ್ಬರು, ಮೂಲೆಯಲ್ಲಿ ಒತ್ತಿಕೊಂಡು ನಿಂತ ದನಗಳು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಸತ್ತ ವೀರನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಲಿಂಗ, ಪೂಜಾರಿ, ಕೈಮುಗಿದು ಕೂತ ಅದೇ ವೀರ; ತುತ್ತತುದಿಯಲ್ಲಿ ಸೂರ್ಯ ಚಂದ್ರ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಸವೆದ ಅಕ್ಷರ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟವನ್ನು 1902ರಲ್ಲಿ, 8ನೇ ಸಂಪುಟವನ್ನು 1904ರಲ್ಲಿ ಹೊರತಂದಾಗ ಶಿಕಾರಿಪುರ, ಸೊರಬ ತಾಲೂಕುಗಳ ಇಂಥ ಬರಹಗಳು ಅಚ್ಚಿಗೆ ಬಂದವು. ಯಾವ ಅರಸನ ಕಾಲ, ಯಾವ ತಿಥಿ, ಯಾವ ಊರಿನ ತುರು ಕಾಯಲು ಹೋಗಿ ಯಾರ ಮಗ ಸತ್ತ, ಯಾರು ಕಲ್ಲು ನಿಲ್ಲಿಸಿದರು ಎಂಬ ವಿವರಗಳನ್ನು ಊರಿನವರು ಕಲ್ಲಲ್ಲಿ ಕೊರೆಸಿಟ್ಟರು. ಒಬ್ಬನ ಸಾವನ್ನು ಲೆಕ್ಕಕ್ಕಿಡುವುದು ಊರಿನ ಕರ್ತವ್ಯವೆಂದು ಅವರು ನಂಬಿದ್ದರು.

ರಸ್ತೆಯಲ್ಲಿ ಸಾಯುವವರ ಬಗ್ಗೆ ನಮಗೆ ಅಷ್ಟು ಜವಾಬ್ದಾರಿ ಬಂದದ್ದು ತೀರ ಈಚೆಗೆ. ಐಐಟಿ ಮದ್ರಾಸ್ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ಸೇರಿ ರೂಪಿಸಿದ ಅಪಘಾತ ದತ್ತಾಂಶ ವ್ಯವಸ್ಥೆ ಮೊದಲು ಜಾರಿಯಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸ್ಥಳಕ್ಕೆ ಹೋದ ಪೊಲೀಸರು ಮೊಬೈಲಿನಲ್ಲೇ ಜಾಗದ ಅಕ್ಷಾಂಶ ರೇಖಾಂಶ, ಸಮಯ, ಹವೆ, ವಾಹನದ ಬಗೆ, ರಸ್ತೆಯ ಸ್ಥಿತಿ ಎಲ್ಲವನ್ನೂ ದಾಖಲಿಸುತ್ತಾರೆ. ಯಾವ ತಿರುವಿನಲ್ಲಿ, ಯಾವ ಹೊತ್ತಿನಲ್ಲಿ, ಯಾವ ವಾಹನಕ್ಕೆ ಯಾವುದು ಗುದ್ದಿತು ಎಂಬುದು ಅದರಿಂದ ತಿಳಿಯುತ್ತದೆ. ಈ ದಾಖಲೆ ಕಡತದಲ್ಲಿ ಕೂತರೆ ಪ್ರಯೋಜನವಿಲ್ಲ. ಹೊಸ ತಂತ್ರಜ್ಞಾನವನ್ನು ಎಲ್ಲಿ ಪರೀಕ್ಷಿಸಬೇಕೆಂದು ತೀರ್ಮಾನಿಸಲು ಅದನ್ನೇ ಮುಂದಿಟ್ಟುಕೊಳ್ಳಬೇಕು. ಸಾವು ಎಲ್ಲಿ ಆಗಿದೆಯೋ ಅಲ್ಲಿಗೆ ಪರೀಕ್ಷೆ ಹೋಗಬೇಕು.

ಬಳ್ಳಿಗಾವಿಯಿಂದ ಸೊರಬಕ್ಕೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ದಂಡಾವತಿಯ ದಂಡೆಯ ಊರು. ರಂಗನಾಥನ ಗುಡಿ, ಗುಡಿಗಾರರ ಗಂಧದ ಕೆತ್ತನೆಯಿಂದ ಹೆಸರಾದದ್ದು. ಅಲ್ಲಿನ ಪರಿಚಯದ ಮೇಷ್ಟ್ರೊಬ್ಬರು ತಮ್ಮ ಬೈಕಿನಲ್ಲಿ ಕೂರಿಸಿಕೊಂಡು ಚಂದ್ರಗುತ್ತಿಯ ಕಡೆಗೆ ಒಂದಷ್ಟು ದೂರ ಕರೆದೊಯ್ದರು. ನನಗೂ ಒಂದು ಹೆಲ್ಮೆಟ್ ತಂದಿದ್ದರು.

ಹಾದಿಯ ಒಂದು ಮಗ್ಗುಲಿಗೆ ಜೋಳ ಹರವಿದ್ದರು. ಕಣ ಮಾಡುವ ಜಾಗಗಳೆಲ್ಲ ತೋಟವಾಗಿವೆ, ಒಣಗಿಸಲು ಡಾಂಬರಿನಷ್ಟು ಬಿಸಿಯಾದ, ಮಣ್ಣಾಗದ ನೆಲ ಬೇರೆಲ್ಲಿದೆ? ಮಳೆ ಹನಿದರೆ ಬೂಸಲು ಹಿಡಿಯುವ ಭಯ, ತೇವ ಹೆಚ್ಚಿದ್ದರೆ ದಲ್ಲಾಳಿ ದರ ಕಡಿತ ಮಾಡುವ ಭಯ. ರೈತನ ಕಷ್ಟ ಸಣ್ಣದಲ್ಲ. ವಾಹನಗಳು ಜೋಳದ ಮೇಲೆ ಹತ್ತದಂತೆ ಅಂಚಿಗೆ ಉದ್ದಕ್ಕೂ ತೆಂಗಿನಕಾಯಿ ಗಾತ್ರದ ಕಲ್ಲುಗಳನ್ನು ಇಟ್ಟಿದ್ದರು. ಸ್ವಲ್ಪ ಮುಂದೆ ಹೋದರೆ ಜೋಳ ಬಾಚಿ ತುಂಬಿಕೊಂಡು ಹೋಗಿದ್ದಾರೆ, ಕಲ್ಲುಗಳು ಹಾಗೆಯೇ ಇವೆ. ಡಾಂಬರಿನ ಬಣ್ಣಕ್ಕೂ ಕಲ್ಲಿನ ಬಣ್ಣಕ್ಕೂ ವ್ಯತ್ಯಾಸವಿಲ್ಲ. ಮೇಷ್ಟ್ರು ಬೈಕು ನಿಲ್ಲಿಸಿ, “ಕತ್ತಲಾದ್ಮೇಲೆ ಇದೇ ನೋಡಿ ಸರ್ ಜೀವ ತೆಗೆಯೋದು,” ಎನ್ನುತ್ತ ಒಂದೊಂದನ್ನೇ ಕಾಲಿನಿಂದ ಚರಂಡಿಗೆ ಉರುಳಿಸತೊಡಗಿದರು. ನಾನೂ ಕೈಜೋಡಿಸಿದೆ. ನಾವು ತೆಗೆದದ್ದು ಸ್ವಲ್ಪ, ಉಳಿದದ್ದು ಬಹಳ.

ಹಿಂದಿರುಗುವಾಗ ಮುಸ್ಸಂಜೆ. ನಮ್ಮ ಮುಂದೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರು. ಹುಲ್ಲು ಎರಡು ಬದಿಗೂ ಚಾಚಿ ಟ್ರೇಲರಿನ ಹಿಂಬದಿಯನ್ನು ಪೂರ್ತಿ ಮುಚ್ಚಿತ್ತು. ಕೆಂಪು ದೀಪವಿಲ್ಲ, ಮಿನುಗುವ ಪಟ್ಟಿಯಿಲ್ಲ. ಕತ್ತಲಿನೊಳಗೆ ಒಂದು ಕಪ್ಪು ಗೋಡೆ ನಡೆದುಹೋದಂತಿತ್ತು. ಗಂಟೆಗೆ 15-20 ಕಿಲೋಮೀಟರ್‌ನಲ್ಲಿ ಹೋಗುತ್ತಿದ್ದ ಅದರ ಹಿಂದೆ 60ರಲ್ಲಿ ಬರುವ ಬೈಕಿನವನಿಗೆ, ಎದುರಿನ ಲಾರಿಯ ದೀಪ ಕಣ್ಣಿಗೆ ಹೊಡೆಯುವ ಆ ಗಳಿಗೆಯಲ್ಲಿ, ಏನೂ ಕಾಣುವುದಿಲ್ಲ. ಹಿಂಬದಿಯಿಂದ ಗುದ್ದುವ ಅಪಘಾತಗಳು 2022ರಲ್ಲಿ ದೇಶದಲ್ಲಾದ ಒಟ್ಟು ಅಪಘಾತಗಳ ಐದನೇ ಒಂದು ಭಾಗಕ್ಕಿಂತ ಹೆಚ್ಚು.

ಸೊರಬದಲ್ಲಿ ಟ್ರೇಲರ್ ರಿಪೇರಿ ಮಾಡುವ ಅಂಗಡಿಯಲ್ಲಿ ಇದರ ಒಳಗುಟ್ಟು ತಿಳಿಯಿತು. ಟ್ರ್ಯಾಕ್ಟರಿನ ಹಿಂದೆ ಟ್ರೇಲರಿಗೆ ಕರೆಂಟು ಕೊಡುವ ಸಾಕೆಟ್ ಇರುತ್ತದೆ. ಅದರಿಂದ ಟ್ರೇಲರಿನ ಉದ್ದಕ್ಕೂ ವೈರು ಹೋಗಿ ಹಿಂದಿನ ದೀಪ ಉರಿಯಬೇಕು. “ಹೊಸ ಗಾಡೀಲಿ ಎಲ್ಲ ಇರುತ್ತೆ ಸರ್,” ಎಂದರು ವೆಲ್ಡಿಂಗ್ ಮಾಡುತ್ತಿದ್ದವರು. “ಹೊಲದಾಗೆ ಕೂಳೆಗೆ ಸಿಕ್ಕಿ ವೈರ್ ಕಿತ್ತೋಗುತ್ತೆ. ಮಣ್ಣು ಸುರಿಯೋವಾಗ ದೀಪದ ಗಾಜು ಒಡೆಯುತ್ತೆ. ಒಂದ್ ಸಲ ಹೋದ್ರೆ ಮತ್ತೆ ಯಾರೂ ಹಾಕ್ಸಲ್ಲ. ರಿಫ್ಲೆಕ್ಟರ್ ಸ್ಟಿಕ್ಕರ್ ಆದ್ರೆ ನಾನೇ ಅಂಟಿಸ್ಕೊಡ್ತೀನಿ, ಕೇಳೋರು ಕಮ್ಮಿ.”

ತಂತ್ರಜ್ಞಾನವನ್ನು ಇಲ್ಲಿ ಪರೀಕ್ಷಿಸಬೇಕೆಂದು ನಾನು ಹೇಳುವುದು ಈ ಕಾರಣಕ್ಕೇ. ಪ್ರಯೋಗಶಾಲೆಯಲ್ಲಿ ಕೂತು ಈ ಕಿತ್ತ ವೈರನ್ನು ಯಾರೂ ಊಹಿಸಲಾರರು. ಟ್ರೇಲರಿಗೆ ತನ್ನದೇ ಬ್ಯಾಟರಿಯಿಲ್ಲ. ಅದಕ್ಕೆ ಕೊಡುವ ಸಾಧನ ಟ್ರ್ಯಾಕ್ಟರಿನ ಕರೆಂಟನ್ನು ನಂಬದೆ, ಸೌರಕೋಶದಿಂದಲೋ ಒಳಗಿನ ಬ್ಯಾಟರಿಯಿಂದಲೋ ನಡೆಯಬೇಕು. ಕೆಸರು, ಗೊಬ್ಬರ, ಮಳೆ, ಏಟು ತಡೆಯಬೇಕು. ಇನ್ನೊಬ್ಬರ ಮಾತು ಕೇಳಿಸಿಕೊಳ್ಳದಿದ್ದರೂ ಚಿಂತೆಯಿಲ್ಲ, “ನಾನಿಲ್ಲಿದ್ದೇನೆ, ನಿಧಾನವಾಗಿ ಹೋಗುತ್ತಿದ್ದೇನೆ” ಎಂದು ಸಾರಿದರೆ ಸಾಕು. ಬೈಕಿಗೂ ಅಂಥದ್ದೇ ಅಗ್ಗದ ಸಾಧನ ಬೇಕು.

ಸ್ಥಾನ ಗುರುತಿಸುವ ಉಪಗ್ರಹ ಸಂಕೇತದಲ್ಲಿ ಮೂರ್ನಾಲ್ಕು ಮೀಟರ್ ಹೆಚ್ಚುಕಡಿಮೆಯಾಗುವುದು ಸಾಮಾನ್ಯ. ನಾಲ್ಕು ಪಥದ ಹೆದ್ದಾರಿಯಲ್ಲಿ ನಡುವೆ ವಿಭಜಕವಿರುವುದರಿಂದ ಅದು ಅಷ್ಟು ಬಾಧಿಸದು. ಏಳು ಮೀಟರ್ ಅಗಲದ ತಾಲೂಕು ರಸ್ತೆಯಲ್ಲಿ ಮೂರು ಮೀಟರ್ ತಪ್ಪಾದರೆ ಎಡದಲ್ಲಿ ಬರುತ್ತಿರುವವನು ಬಲದಲ್ಲಿ ಬರುತ್ತಿದ್ದಾನೆಂದು ಯಂತ್ರ ತಿಳಿಯುತ್ತದೆ, ಸುಮ್ಮಸುಮ್ಮನೆ ಕೂಗಿಕೊಳ್ಳುತ್ತದೆ. ನಾಲ್ಕು ಸಲ ಸುಳ್ಳು ಕೂಗಿದ ಯಂತ್ರವನ್ನು ಚಾಲಕ ಐದನೇ ಸಲ ನಂಬುವುದಿಲ್ಲ. ಮರಗಳ ಚಪ್ಪರದಡಿ, ಮುಂಗಾರಿನ ಮಳೆಯಲ್ಲಿ, ಡಿಸೆಂಬರಿನ ಮಂಜಿನಲ್ಲಿ ಈ ಎಚ್ಚರಿಕೆ ಎಷ್ಟು ಸರಿಯಿರುತ್ತದೆ ಎಂಬುದನ್ನು ಇಲ್ಲಿ ಓಡಿಸಿಯೇ ಅರಿಯಬೇಕು. ಎಚ್ಚರಿಕೆಯ ಮಾತು ಕನ್ನಡದಲ್ಲಿರಬೇಕು ಎಂಬುದನ್ನೂ ಇದರ ಜತೆಗೇ ಹೇಳಬೇಕು.

ನಮ್ಮವರಿಗೆ ಇದು ಆಗದ ಕೆಲಸವೇನಲ್ಲ. ಎರಡು ರೈಲುಗಳು ಒಂದೇ ಹಳಿಯಲ್ಲಿ ಎದುರಾದಾಗ ಎಂಜಿನ್ನುಗಳೇ ರೇಡಿಯೋ ಮೂಲಕ ಅರಿತು ತಾವಾಗಿ ನಿಲ್ಲುವ ‘ಕವಚ್’ ವ್ಯವಸ್ಥೆಯ ಮೊದಲ ಪರೀಕ್ಷೆಗಳು ನಡೆದ ದಾರಿಯಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ವಾಡಿ ಮತ್ತು ಬೀದರ್ ಇವೆ. ಲಿಂಗಂಪಲ್ಲಿಯಿಂದ ವಿಕಾರಾಬಾದ್ ಮೂಲಕ ಈ ಎರಡು ಊರುಗಳಿಗೆ ಹೋಗುವ ಹಳಿಗಳ ಮೇಲೆ 2016ರ ಫೆಬ್ರವರಿಯಲ್ಲಿ ಪ್ರಯಾಣಿಕರ ರೈಲುಗಳಲ್ಲೇ ಪರೀಕ್ಷೆ ಆರಂಭವಾಯಿತು. 2020ರಲ್ಲಿ ಅದನ್ನು ರಾಷ್ಟ್ರೀಯ ವ್ಯವಸ್ಥೆಯೆಂದು ಒಪ್ಪಿದರು. 2022ರ ಮಾರ್ಚ್ 4ರಂದು ರೈಲ್ವೆ ಸಚಿವರು ತಾವೇ ಎಂಜಿನ್ನಿನಲ್ಲಿ ಕೂತು ನೋಡಿದಾಗ ಅದು ಎದುರಿನ ಎಂಜಿನ್ನಿಗೆ 380 ಮೀಟರ್ ಮೊದಲೇ ನಿಂತಿತು. ಹಳಿಯ ಮೇಲೆ ಸಾಧನವಿಲ್ಲದ ಬೈಕು ನುಗ್ಗುವುದಿಲ್ಲ, ಜೋಳ ಒಣಗುವುದಿಲ್ಲ. ಅಷ್ಟಿದ್ದೂ ನಿಜವಾದ ಹಳಿಯಲ್ಲಿ, ನಿಜವಾದ ರೈಲಿನಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದ ಮೇಲೇ ಅದನ್ನು ಒಪ್ಪಿದರು. ಎಲ್ಲರಿಗೂ ತೆರೆದಿರುವ ರಸ್ತೆಗೆ ಅದಕ್ಕಿಂತ ಹೆಚ್ಚಿನ ಪರೀಕ್ಷೆ ಬೇಕಲ್ಲವೇ?

ರಸ್ತೆಯ ಮಟ್ಟಿಗೂ ಆರಂಭವಾಗಿದೆ. 2022ರಲ್ಲಿ ಐಐಟಿ ಹೈದರಾಬಾದ್ ಮತ್ತು ಸುಜುಕಿ ಕಂಪನಿಗಳು ಸೇರಿ ಆಂಬುಲೆನ್ಸ್, ಎದುರು ದಿಕ್ಕಿನಲ್ಲಿ ನುಗ್ಗಿದ ವಾಹನ, ಪಾದಚಾರಿ, ಬೈಕು, ಕೆಟ್ಟ ರಸ್ತೆ ಇವುಗಳ ಬಗ್ಗೆ ಚಾಲಕನನ್ನು ಎಚ್ಚರಿಸುವ ಪ್ರಾತ್ಯಕ್ಷಿಕೆ ನಡೆಸಿದವು. ಪಾದಚಾರಿಯನ್ನೂ ಬೈಕನ್ನೂ ಸೇರಿಸಿದ್ದು ಒಳ್ಳೆಯ ಲಕ್ಷಣ. ನಾಗಪುರದಲ್ಲಿ 2021ರಿಂದ ನಗರ ಬಸ್ಸುಗಳಿಗೆ ಕ್ಯಾಮೆರಾ ಸಾಧನ ಹಾಕಿ, ಎಲ್ಲೆಲ್ಲಿ ಕೂದಲೆಳೆಯಲ್ಲಿ ಅಪಘಾತ ತಪ್ಪುತ್ತಿದೆ ಎಂಬುದನ್ನು ಗುರುತಿಸುವ ಯೋಜನೆ ಶುರುವಾಯಿತು. ಇನ್ನೂ ಯಾರೂ ಸಾಯದ, ಆದರೆ ನಾಳೆ ಸಾಯಬಹುದಾದ ಜಾಗಗಳನ್ನು ಹೀಗೆ ಮೊದಲೇ ಹುಡುಕಬಹುದು. ಬಸ್ಸು ದಿನಾ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ ಓಡುತ್ತದೆ; ರಸ್ತೆಯನ್ನು ಅದರಷ್ಟು ಬಲ್ಲ ವಾಹನ ಇನ್ನೊಂದಿಲ್ಲ.

ಆದ್ದರಿಂದ ನನ್ನ ಕೋರಿಕೆ ಸ್ಪಷ್ಟವಾಗಿದೆ. ವಾಹನಗಳ ಸಂವಹನದ ಪರೀಕ್ಷೆಗೆ ಎಕ್ಸ್‌ಪ್ರೆಸ್ ಹೆದ್ದಾರಿಯನ್ನಷ್ಟೇ ಆರಿಸಬೇಡಿ. ಶಿಕಾರಿಪುರದಿಂದ ಸೊರಬದ ತನಕದ ಇಂಥ ಒಂದು ರಸ್ತೆಯನ್ನೂ ಆರಿಸಿ, ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ ನಡೆಸಿ. ಮೊದಲ ಸಾಧನಗಳನ್ನು ಸರ್ಕಾರಿ ಬಸ್ಸುಗಳಿಗೆ, ಟ್ರೇಲರುಗಳಿಗೆ, ಬೈಕುಗಳಿಗೆ ಕೊಡಿ. ಕಾರುಗಳಿಗೆ ಆಮೇಲೆ ಬರಲಿ. ಪೊಲೀಸರ ಅಪಘಾತ ದಾಖಲೆಯನ್ನು ಎಂಜಿನಿಯರುಗಳ ಮುಂದಿಡಿ. ಬಸ್ಸಿನ ಚಾಲಕರನ್ನು, ಟ್ರೇಲರ್ ರಿಪೇರಿ ಮಾಡುವವರನ್ನು ಸಲಹೆಗೆ ಕರೆಯಿರಿ, ಅವರಿಗೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಇಲ್ಲ. ಜೋಳ ಒಣಗಿಸಲು ಕಣಗಳನ್ನು ಪಂಚಾಯಿತಿಗಳು ಕಟ್ಟಿಕೊಡಲಿ. ಆನ್ ಆರ್ಬರ್‌ನಲ್ಲಿ ಗೆದ್ದ ಯಂತ್ರ ಶಿರಾಳಕೊಪ್ಪದಲ್ಲಿ ಗೆದ್ದರೆ ಮಾತ್ರ ಅದು ನಮ್ಮದಾದೀತು.

ಆ ದಿನ ಬರುವವರೆಗೆ ನಾವೇ ಮಾಡಬಹುದಾದದ್ದೂ ಇದೆ. ಟ್ರ್ಯಾಕ್ಟರ್ ಇರುವವರಲ್ಲಿ ನನ್ನದೊಂದು ವಿನಂತಿ: ಈ ಸುಗ್ಗಿ ಮುಗಿಯುವುದರೊಳಗೆ ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಹುಲ್ಲು ಹೇರಿದಾಗ ಅದು ಮುಚ್ಚದಂತೆ ನೋಡಿಕೊಳ್ಳಿ. ಜೋಳ ಬಾಚಿದವರು ಕಲ್ಲನ್ನೂ ತೆಗೆದು ಹೋಗಿ. ಬೈಕಿನ ಹಿಂದೆ ಕೂರುವವರಿಗೂ ಹೆಲ್ಮೆಟ್ ಕೊಡಿ. ನೂರೋ ಇನ್ನೂರೋ ರೂಪಾಯಿಯ ಆ ಪಟ್ಟಿ ಹಿಂದೆ ಬರುವ ಹುಡುಗನಿಗೆ ಹೇಳುವುದೂ ನಾಳೆಯ ಯಂತ್ರ ಹೇಳಲಿರುವ ಮಾತನ್ನೇ: ಇಲ್ಲೊಂದು ವಾಹನವಿದೆ, ನಿಧಾನವಾಗಿ ಬಾ.